ಕಾಯುವ ತೊಟ್ಟಿ

ತೊಟ್ಟಿಯ ಹೀಟರ್ ಕೆಟ್ಟು ಮೀನೆಲ್ಲ ಬೆಂದುಹೋದವು ಎಂದು ನಮ್ಮ ಮೀನು ಸಂಘದ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ಅಪ್ಪಟ ಸುಳ್ಳು. ಎಪ್ಪತ್ತಾರರ ಹೆಂಗಸು ಅಷ್ಟು ಜನರ ಮುಂದೆ ಕಣ್ಣು ಮಿಟುಕಿಸದೆ ಸುಳ್ಳು ಹೇಳಬಲ್ಲಳು ಎಂದು ನನಗೇ ಗೊತ್ತಿರಲಿಲ್ಲ. ನಮ್ಮೂರು ಟೂವೂಂಬಾದ ಚಳಿಗೆ ಹೀಟರ್ ಕೆಡುವುದು ಹೊಸದಲ್ಲ. ಎಲ್ಲರೂ ಲೊಚಗುಟ್ಟಿದರು. ಯಾರೋ ನನ್ನ ತಟ್ಟೆಗೆ ಇನ್ನೊಂದು ಲ್ಯಾಮಿಂಗ್ಟನ್ ಕೇಕು ಇಟ್ಟರು. ನಾಚಿಕೆಯಿಲ್ಲದೆ ತಿಂದೆ.

ಸತ್ತ ಮೀನುಗಳ ಹೆಸರು ಡಲ್ಸಿ. ನನ್ನ ಹೆಸರೂ ಅದೇ. ಅದಕ್ಕೊಂದು ಕತೆಯಿದೆ.

ಎಂಬತ್ತೆಂಟರ ಜುಲೈಯಲ್ಲಿ ನಾನೂ ನನ್ನ ಗಂಡ ಕ್ಲಾರಿಯೂ ಕಾರಿನ ತುಂಬ ಬಕೆಟ್ಟು, ಬಲೆ ಹೇರಿಕೊಂಡು ಉತ್ತರಕ್ಕೆ ಹೋಗಿದ್ದೆವು. ಒಂದು ತೊರೆಯಲ್ಲಿ ಎರಡು ಗಂಟೆ ಬಲೆ ಆಡಿಸಿದರೂ ಅವನಿಗೆ ಏನೂ ಸಿಗಲಿಲ್ಲ. ಚಹಾಕ್ಕೆ ನೀರು ತರಲು ಇಳಿದ ನಾನು ಪಾಚಿಗೆ ಜಾರಿ ಸೊಂಟದವರೆಗೆ ನೀರಿನಲ್ಲಿ ಕೂತುಬಿಟ್ಟೆ. ಏಳುವಾಗ ನೋಡಿದರೆ ಸ್ಕರ್ಟಿನ ಮಡಿಲಲ್ಲಿ ಏಳು ಕಾಮನಬಿಲ್ಲು ಮೀನು.

"ಅಲ್ಲಾಡಬೇಡ ಕಣೇ, ಹಾಗೇ ಇರು" ಎನ್ನುತ್ತ ಓಡಿಬಂದ ಕ್ಲಾರಿ ನನ್ನ ಕೈ ಹಿಡಿಯಲಿಲ್ಲ, ಸ್ಕರ್ಟು ಹಿಡಿದ.

"ಪೆಟ್ಟಾಯ್ತಾ ಅಂತ ಒಂದು ಮಾತು ಕೇಳಬಾರದಾ?"

"ನಿನಗೇನಾಗತ್ತೆ, ಗಟ್ಟಿ ಪಿಂಡ ನೀನು. ಪಾಪ, ಇವಕ್ಕೆ ಏನಾದ್ರೂ ಆಯ್ತಾ ನೋಡೋಣ ಇರು."

ನಮ್ಮ ಸಂಘದವರು ಮೀನನ್ನು ಅದು ಹುಟ್ಟಿದ ತೊರೆಯ ಹೆಸರಿನಿಂದ ಕರೆಯುತ್ತಾರೆ. ತೊಟ್ಟಿಯ ಮೂಲೆಗೆ ಕಾಗದದ ಟೇಪು ಅಂಟಿಸಿ, ತೊರೆಯ ಹೆಸರನ್ನೂ ಮೀನು ಕೈಗೆ ಬಂದ ದಿನವನ್ನೂ ಬರೆಯುತ್ತಾರೆ. ಒಂದು ತೊರೆಯ ಮೀನನ್ನು ಇನ್ನೊಂದು ತೊರೆಯದರ ಜೊತೆ ಬೆರೆಸುವುದು ಮಹಾಪಾಪ. ಆ ತೊರೆಗೆ ನಕ್ಷೆಯಲ್ಲಿ ಹೆಸರೇ ಇರಲಿಲ್ಲವಾದ್ದರಿಂದ ಕ್ಲಾರಿ ಟೇಪಿನ ಮೇಲೆ 'ಡಲ್ಸಿ' ಎಂದು ಬರೆದ. ಅಂದಿನಿಂದ ಸಂಘದಲ್ಲಿ ನನ್ನ ಮರ್ಯಾದೆ ಮೂರಾಬಟ್ಟೆಯಾಯಿತು. "ಡಲ್ಸಿ ಮೊಟ್ಟೆ ಇಟ್ಟಳೇನಯ್ಯಾ ಕ್ಲಾರಿ?" "ಇಟ್ಟಳು, ಇಟ್ಟು ತಾನೇ ತಿಂದ್ಲು." ಇಂಥದ್ದನ್ನು ಇಪ್ಪತ್ತೈದು ವರ್ಷ ಕೇಳಿದೆ. ಈಗ ಯಾರೂ ಕೇಳುವುದಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಆ ತೊರೆಯಲ್ಲಿ ಈಗ ಎಲ್ಲಿಂದಲೋ ಬಂದ ತಿಲಾಪಿಯಾ ಮೀನು ತುಂಬಿಕೊಂಡು ಕಾಮನಬಿಲ್ಲು ಮೀನು ನಿರ್ನಾಮವಾಗಿದೆ. ಸಂಘದವರಿಗೆ ನಾವು ಹಂಚಿದ್ದವೂ ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಕಾರಣಕ್ಕೆ ಮುಗಿದವು. ಉಳಿದದ್ದು ನಮ್ಮ ಹಜಾರದ ದೊಡ್ಡ ತೊಟ್ಟಿಯ ನಲವತ್ತೊಂದು ಮಾತ್ರ.

ಕ್ಲಾರಿಯದು ಒಂದು ಕಟ್ಟುನಿಟ್ಟು. ಹೊಸ ಮೀನು ಎಲ್ಲಿಂದ ಬಂದರೂ ಆರು ವಾರ ಅದಕ್ಕೆ ದೊಡ್ಡ ತೊಟ್ಟಿಯ ಮುಖ ತೋರಿಸುವಂತಿಲ್ಲ. ಬಟ್ಟೆ ಒಗೆಯುವ ಕೋಣೆಯಲ್ಲಿ ಅದಕ್ಕೆಂದೇ ಒಂದು ಚಿಕ್ಕ ತೊಟ್ಟಿ, ಬೇರೆ ಬಲೆ, ಬೇರೆ ಬಕೆಟ್ಟು. ಅದಕ್ಕೆ ಕಾಯುವ ತೊಟ್ಟಿ ಎನ್ನುತ್ತಿದ್ದ. ನಾನೋ, ಕೇಕು ಉಬ್ಬುವ ಮೊದಲೇ ನಾಲ್ಕು ಸಲ ಓವನ್ನಿನ ಬಾಗಿಲು ತೆಗೆಯುವವಳು.

"ರೋಗ ಇದ್ರೆ ಹತ್ತು ದಿನದಲ್ಲಿ ಗೊತ್ತಾಗಲ್ವಾ?" ಎಂದು ಪ್ರತಿಸಲ ಜಗಳ ತೆಗೆಯುತ್ತಿದ್ದೆ.

"ನಿನ್ನ ಹತ್ತು ದಿನ ಅಂದ್ರೆ ಮೂರು ದಿನ. ಸುಮ್ನಿರು" ಎನ್ನುತ್ತಿದ್ದ.

ಅವನು ಹೋಗಿ ಮೂರು ವರ್ಷವಾಯಿತು. ಕಾಯುವ ತೊಟ್ಟಿಗೆ ನಾನು ಬಟ್ಟೆ ಕ್ಲಿಪ್ಪು ತುಂಬಿಸಿಟ್ಟಿದ್ದೆ. ಈ ಆಗಸ್ಟಿನಲ್ಲಿ ಅವನ ಹುಟ್ಟುಹಬ್ಬದ ದಿನ ಮನೆ ಬಿಕೋ ಎನ್ನುತ್ತಿತ್ತು. ತಡೆಯಲಾರದೆ ಅಂಗಡಿಗೆ ಹೋಗಿ ನಾಲ್ಕು ಕೆಂಪು ಮೀನು ತಂದೆ. ಕ್ಲಿಪ್ಪು ಖಾಲಿ ಮಾಡಿ ತೊಳೆಯುವುದಕ್ಕೆ ಮೈಗಳ್ಳತನ. ನೆಟ್ಟಗೆ ದೊಡ್ಡ ತೊಟ್ಟಿಗೇ ಬಿಟ್ಟೆ.

ಆರನೆಯ ದಿನ ಮೀನಿನ ಮೈಮೇಲೆಲ್ಲ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಮದ್ದು ಹಾಕಿದೆ, ನೀರು ಬದಲಿಸಿದೆ, ಯಾರಿಗೂ ಫೋನು ಮಾಡಲಿಲ್ಲ. ಎರಡು ವಾರ ಕಳೆಯುವಷ್ಟರಲ್ಲಿ ಕೊನೆಯದನ್ನೂ ನಿಂಬೆ ಗಿಡದ ಬುಡದಲ್ಲಿ ಹೂತೆ. ಏನು ಅನ್ಯಾಯ ಮಾಡಿದೆ ಎಂದು ಅಲ್ಲೇ ಮಣ್ಣಿನ ಮೇಲೆ ಕೂತು ಅತ್ತೆ. ಅದಾದ ಮೇಲೆ ಆ ಸಭೆ, ಆ ಸುಳ್ಳು.

ಸಭೆಯ ನಂತರದ ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದವನು ಸಂಘದ ಹಳಬ ಬೆವನ್. ನಾನು ಕಕ್ಕಾಬಿಕ್ಕಿಯಾದೆ. ತೊಂಬತ್ತನಾಲ್ಕರ ಪ್ರದರ್ಶನದಲ್ಲಿ ಕ್ಲಾರಿ ಎಲ್ಲರೆದುರು, ಬೆವನ್ ಎರಡು ತೊರೆಯ ಮೀನು ಬೆರೆಸಿದ್ದಾನೆ ಎಂದುಬಿಟ್ಟಿದ್ದ. ನಮ್ಮಲ್ಲಿ ಒಬ್ಬನನ್ನು ಕಳ್ಳ ಎಂದರೂ ಇಷ್ಟು ಕೆಡುಕಾಗುವುದಿಲ್ಲ. ಅಲ್ಲಿಯವರೆಗೆ ಒಂದೇ ಕಾರಿನಲ್ಲಿ ತೊರೆ ಅಲೆಯುತ್ತಿದ್ದ ಇಬ್ಬರೂ ಮತ್ತೆ ಮುಖ ನೋಡಲಿಲ್ಲ. ಈಗ ಅದೇ ಬೆವನ್ ಹಜಾರದಲ್ಲಿ ಥರ್ಮೋಕೋಲ್ ಪೆಟ್ಟಿಗೆ ತೆಗೆದು, ಗಂಟು ಹಾಕಿದ ಪ್ಲಾಸ್ಟಿಕ್ ಚೀಲವೊಂದನ್ನು ಬೆಳಕಿಗೆ ಹಿಡಿದ. ಒಳಗೆ ಆರು ಮೀನು. ಪಕ್ಕೆಯ ಮೇಲಿನ ಆ ಕಿತ್ತಳೆ ಗೆರೆ ನೋಡಿದ ಕೂಡಲೇ ಗುರುತು ಸಿಕ್ಕಿತು.

"ಡಲ್ಸಿ" ಎಂದೆ.

"ಡಲ್ಸಿನೇ. ಮನೇಲಿ ಇನ್ನೈದಿವೆ. ಅಷ್ಟು ಬಿಟ್ರೆ ಭೂಮಿ ಮೇಲೆ ಬೇರೆ ಇಲ್ಲ." ಇನ್ನೂ ನೀರು ತುಂಬಿದ್ದ ದೊಡ್ಡ ತೊಟ್ಟಿಯ ಕಡೆ ತಿರುಗಿದ. "ಹೀಟರ್ ತಾನೇ ಕೆಟ್ಟಿದ್ದು? ರೋಗ ಗೀಗ ಏನಿಲ್ವಲ್ಲ. ಸೀದಾ ಇದರಲ್ಲೇ ಬಿಡೋಣ."

ಚೀಲವನ್ನು ನೀರಿನ ಮೇಲೆ ತಂದು ಗಂಟಿಗೆ ಬೆರಳು ಹಾಕಿದ. ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು, ಮೀನು ಉಳಿಯುತ್ತಿರಲಿಲ್ಲ. ಎರಡೂ ಕೈಯಿಂದ ಅವನ ಮಣಿಕಟ್ಟು ಹಿಡಿದುಕೊಂಡೆ.

"ಬೇಡ ಬೆವನ್. ಹೀಟರ್ ಅಲ್ಲ. ನಾನೇ ರೋಗ ತಂದೆ. ಅಂಗಡಿ ಮೀನನ್ನ ಆರು ವಾರ ಕಾಯಿಸದೇ ಬಿಟ್ಟೆ. ಎಲ್ಲಾನೂ ಕೊಂದವಳು ನಾನೇ."

ಅವನು ಚೀಲವನ್ನು ನಿಧಾನವಾಗಿ ಪೆಟ್ಟಿಗೆಯೊಳಗಿಟ್ಟ.

"ಅಂತೂ ಬಾಯಿ ಬಿಟ್ಟೆಯಲ್ಲ ತಾಯಿ" ಎಂದ. "ಕ್ಲಾರಿ ಯಾವ ತೊಟ್ಟಿಗಾದ್ರೂ ಒಂದೇ ಹೀಟರ್ ಹಾಕಿದ್ದುಂಟಾ? ಎರಡೆರಡು ಚಿಕ್ಕದು ಹಾಕ್ತಿದ್ದ, ಒಂದು ಕೆಟ್ಟು ಉರೀತಾನೇ ಇದ್ರೂ ನೀರು ಬೇಯಿಸೋ ತಾಕತ್ತು ಇರಬಾರದು ಅಂತ. ಆ ಬುದ್ಧಿ ಅವನಿಗೆ ಹೇಳಿಕೊಟ್ಟೋನೇ ನಾನು. ಯಾರ ಕಿವಿಗೆ ಹೂ ಇಡೋಕೆ ಹೋದೆ ನೀನು?"

ಅವನ ಗಾಡಿಯಲ್ಲಿ ಹೊಸ ಬಲೆ, ಹೊಸ ಬಕೆಟ್ಟು, ಬ್ಲೀಚಿಂಗ್ ಪುಡಿ ಎಲ್ಲವೂ ಇದ್ದವು. ಕಾಯುವ ತೊಟ್ಟಿಯಿಂದ ಕ್ಲಿಪ್ಪುಗಳನ್ನು ಸುರಿದು, ತೊಳೆದು, ಆರನ್ನೂ ಅಲ್ಲಿ ಬಿಟ್ಟೆವು. ದೊಡ್ಡದನ್ನು ಬರಿದು ಮಾಡಿ ಬ್ಲೀಚಿಂಗ್ ನೀರಿನಲ್ಲಿ ಉಜ್ಜಿ ಬಿಸಿಲಿಗಿಟ್ಟೆವು. ಹಳೆಯ ಬಲೆಗಳನ್ನೆಲ್ಲ ಅವನು ಸುಟ್ಟ. ಕ್ಲಾರಿ ಹೊಲಿದಿದ್ದ ಬಲೆಗಳು, ನೋಡಲಾಗದೆ ನಾನು ಒಳಗೆ ಹೋದೆ.

ಆರು ವಾರವೂ ಪ್ರತಿ ಭಾನುವಾರ ಬೆವನ್ ಬಂದ. ಬಟ್ಟೆ ಒಗೆಯುವ ಕೋಣೆಯಲ್ಲಿ ಎರಡು ಸ್ಟೂಲು ಹಾಕಿಕೊಂಡು, ಒಂದೊಂದು ಮೀನಿನ ಮೈಯನ್ನೂ ಭೂತಗನ್ನಡಿಯಲ್ಲಿ ನೋಡುತ್ತಿದ್ದೆವು. ನೋಡಿ ಮುಗಿದ ಮೇಲೆ ಚಹಾ, ಹಳೆಯ ಮಾತು. ಡೇರೆ ಮರೆತು ಹೋಗಿ ಮೂವರೂ ಕಾರಿನಲ್ಲೇ ಮಲಗಿದ್ದು, ಕ್ಲಾರಿಯ ಗೊರಕೆಗೆ ಬೆವನ್ ಎದ್ದು ಹೊರಗೆ ಹೋಗಿ ಇರುವೆ ಗೂಡಿನ ಮೇಲೆ ಮಲಗಿದ್ದು.

"ಮಾರನೇ ದಿನ ಕುಂಡಿ ಊರೋಕಾಗದೆ ನಿಂತ್ಕೊಂಡೇ ತಿಂಡಿ ತಿಂದ್ಯಲ್ಲ ಮಾರಾಯ" ಎಂದೆ.

"ಅದನ್ನೂ ಟೇಪಿನ ಮೇಲೆ ಬರೆದಿಡು" ಎಂದ.

ಎಷ್ಟು ವರ್ಷದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕೆನೋ. ಮೂರನೆಯ ವಾರಕ್ಕೇ ನಾನು, ಇನ್ನು ಸಾಕಲ್ವಾ, ಚೆನ್ನಾಗೇ ಇವೆಯಲ್ಲ ಎಂದು ರಾಗ ತೆಗೆದೆ. ಅವನು ಭೂತಗನ್ನಡಿ ಒರೆಸಿ ಮತ್ತೆ ತೊಟ್ಟಿಗೆ ಹಿಡಿದ.

ನಲವತ್ತೆರಡನೆಯ ದಿನ ಆರೂ ಚುಕ್ಕೆಯಿಲ್ಲದೆ ಈಜುತ್ತಿದ್ದವು. ದೊಡ್ಡ ತೊಟ್ಟಿ ಹಜಾರದಲ್ಲಿ ಹೊಸ ನೀರು ತುಂಬಿಕೊಂಡು ಸಿದ್ಧವಾಗಿತ್ತು. ಬೆವನ್ ಜೇಬಿನಿಂದ ಪುಸ್ತಕವೊಂದನ್ನು ತೆಗೆದು, ಅದರ ಹಾಳೆಗೆ ಅಂಟಿಸಿದ್ದ ಟೇಪನ್ನು ಬಿಡಿಸಿ ನನ್ನ ಕೈಗಿಟ್ಟ. ತನ್ನ ತೊಟ್ಟಿಯಿಂದ ಕಿತ್ತು ತಂದದ್ದು. "ಇದು ಇಲ್ಲಿಗೇ ಸೇರಬೇಕಾದ್ದು" ಎಂದ.

'ಡಲ್ಸಿ' ಎಂದಿತ್ತು, ಕ್ಲಾರಿಯ ಕೈಬರಹ. ಜಗಳಕ್ಕೆ ಮೊದಲು ಕೊಟ್ಟಿದ್ದಿರಬೇಕು ಎಂದುಕೊಂಡು ಕೆಳಗಿನ ದಿನಾಂಕ ನೋಡಿದೆ. ಅವನು ಸಾಯುವುದಕ್ಕೆ ಮೂರು ತಿಂಗಳ ಹಿಂದಿನದು. ಅಕ್ಷರ ನಡುಗಿತ್ತು. ಆ ಏಪ್ರಿಲ್‌ನಲ್ಲಿ ಕಾಯಿಲೆಯಿಂದ ಅವನಿಗೆ ಚಮಚ ಹಿಡಿಯಲೂ ಆಗುತ್ತಿರಲಿಲ್ಲ.

"ಟ್ಯಾಕ್ಸಿಯಲ್ಲಿ ಬಂದಿದ್ದ" ಎಂದ ಬೆವನ್. "ತೊಡೆ ಮೇಲೆ ಬಕೆಟ್ಟು. ಒಳಗೆ ಎಂಟು ಮೀನು. ತಪ್ಪಾಯ್ತು ಅಂತೇನೂ ಅನ್ನಲಿಲ್ಲ. ನೀನು ಬೆರೆಸಿದ್ದು ನಿಜಾನೇ, ಆದ್ರೂ ಇಟ್ಕೋ ಅಂದ."

"ಯಾಕಂತೆ?"

"ಡಲ್ಸಿಗೆ ಕಾಯೋಕೆ ಬರಲ್ಲ ಕಣೋ, ಒಂದಲ್ಲ ಒಂದು ದಿನ ಹೊಸ ಮೀನನ್ನ ಕಾಯಿಸದೇ ಬಿಡ್ತಾಳೆ, ಆಮೇಲೆ ಕೂತು ಅಳ್ತಾಳೆ ಅಂದ. ಆವತ್ತು ಇವನ್ನ ಕೊಡು ಅಂದ."

ಮೈಯೆಲ್ಲ ಉರಿಯಿತು. ಬದುಕಿದ್ದರೆ ಎರಡು ಬಿಗಿಯುತ್ತಿದ್ದೆ. ಆಮೇಲೆ ಕಣ್ಣು ತುಂಬಿ ಟೇಪಿನ ಮೇಲಿನ ನನ್ನ ಹೆಸರು ಕಾಣದಾಯಿತು.

ಬೆವನ್ ಬಲೆ ಎತ್ತಿಕೊಂಡ. "ಬಾ, ಬಿಡೋಣ. ಆರು ವಾರ ಮುಗೀತಲ್ಲ."

"ಇನ್ನೊಂದು ವಾರ ಇರಲಿ" ಎಂದೆ.

"ಯಾಕಮ್ಮಾ, ಚೆನ್ನಾಗೇ ಇವೆಯಲ್ಲ?"

"ಇರಲಿ ಅಂದ್ನಲ್ಲ. ಬರೋ ಭಾನುವಾರ ಬಾ."

ಟೇಪನ್ನು ಕಾಯುವ ತೊಟ್ಟಿಯ ಮೂಲೆಗೆ ಅಂಟಿಸಿ, ಅಂಚನ್ನು ಹೆಬ್ಬೆರಳಿನಿಂದ ಒತ್ತಿ, ಚಹಾಕ್ಕೆ ನೀರಿಟ್ಟೆ.