ಕಾಯುತ್ತಿದ್ದ ಇನ್ನೊಂದು ಕರೆ

ಚಿವೇಟ ಘಾಟಿಯ ಇಳಿಜಾರಿನಲ್ಲಿ ತಾನು ಓಡಿಸುತ್ತಿದ್ದ ಲಾರಿ ಉರುಳಿ ಯೋಟಾಮ್ ಸತ್ತಾಗ ಅವನ ಅಂಗಿ, ಬೆಲ್ಟು, ಒಂದು ಕಾಲಿನ ಚಪ್ಪಲಿ ಎಲ್ಲ ಮನೆಗೆ ಬಂದವು. ಫೋನು ಮಾತ್ರ ಬರಲಿಲ್ಲ. ಕಣಿವೆಗೆ ಬಿದ್ದು ಪುಡಿಯಾಗಿರಬೇಕು ಎಂದರು ಪೊಲೀಸರು. ಯಾರೋ ಎತ್ತಿಕೊಂಡು ಹೋಗಿದ್ದಾರೆ ಎಂದರು ಅವರ ಊರು ರುಂಫಿಯ ಜನ. ಹೆಂಡತಿ ಲುಸುಂಗು ಆ ಒಂಟಿ ಚಪ್ಪಲಿಯನ್ನು ಒರೆಸಿ ಮೂಲೆಯಲ್ಲಿಟ್ಟಳು.

ಮಣ್ಣು ಮಾಡಿ, ಅಳಲು ಬಂದ ನೆಂಟರೆಲ್ಲ ಹೊರಟುಹೋದ ಮೇಲೆ, ಒಂದು ಸಂಜೆ ಅವಳ ಫೋನು ಒಮ್ಮೆ ಗುಂಯ್ ಎಂದು ಸುಮ್ಮನಾಯಿತು. ನೋಡಿದರೆ ಯೋಟಾಮನ ಹೆಸರು.

ಬದುಕಿದ್ದಾಗಲೂ ಅವನು ಹಾಗೇ ಮಾಡುತ್ತಿದ್ದ. ಕರೋಂಗದಿಂದ ಅಕ್ಕಿ ಹೇರಿಕೊಂಡು ಬರುವಾಗ ಚಿವೇಟದ ಏರು ಹತ್ತಿದ ಕೂಡಲೇ ಒಂದು ಮಿಸ್ಡ್ ಕಾಲ್. ಏರು ಹತ್ತಿದೆ, ಮೆಕ್ಕೆಜೋಳದ ನ್ಸೀಮ ಮುದ್ದೆಗೆ ಎಸರಿಡು ಅಂತ ಅದರ ಅರ್ಥ. ಆ ಸಂಜೆ ಲುಸುಂಗುವಿನ ಕೈ ತಾನೇ ತಾನಾಗಿ ಒಲೆಯ ಮೇಲೆ ನೀರಿಟ್ಟಿತು. ನೀರು ಕುದಿಯುವ ಹೊತ್ತಿಗೆ ಅವಳಿಗೆ ತಾನೇನು ಮಾಡುತ್ತಿದ್ದೇನೆಂದು ಹೊಳೆದು, ಒಲೆಯ ಕೊಳ್ಳಿಯನ್ನು ಹೊರಗೆಳೆದಳು.

ಆಮೇಲೆ ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಆ ಕರೆ ಬರುತ್ತಲೇ ಇತ್ತು. ಅವಳು ಯಾರಿಗೂ ಹೇಳಲಿಲ್ಲ, ತಿರುಗಿ ಮಾಡಲೂ ಇಲ್ಲ. ಯಾವನೋ ಕಳ್ಳ ಎತ್ತಿಯಾನು ಎಂಬ ಭಯವಿತ್ತು. ಅದಕ್ಕಿಂತ ದೊಡ್ಡ ಭಯ, ಯೋಟಾಮನೇ ಎತ್ತಿಬಿಟ್ಟರೆ ಎಂಬುದು.

ಮದುವೆಗೆ ಮುಂಚೆ ಲುಸುಂಗು ಊರಾಚೆಯ ಆರೋಗ್ಯ ಕೇಂದ್ರದಲ್ಲಿ ಕೂಸುಗಳನ್ನು ತೂಗುವ ಕೆಲಸದಲ್ಲಿದ್ದಳು. ಅಲ್ಲಿನ ಹಳೆಯ ನರ್ಸಮ್ಮ ಈಗ ಒಂದು ಸುದ್ದಿ ತಂದರು: ರಾಜಧಾನಿ ಲಿಲಾಂಗ್ವೆಯಲ್ಲಿ, ಕಾಯಿಲೆಯವರು ಫೋನು ಮಾಡಿ ಸಲಹೆ ಕೇಳುವ ಕಚೇರಿಯೊಂದಿದೆ; ಉತ್ತರದ ಕಡೆಯವರ ಕರೆ ತಗೊಳ್ಳಲು ಅಲ್ಲಿನ ತುಂಬೂಕಾ ಭಾಷೆ ಮಾತಾಡುವವರು ಬೇಕಂತೆ. ಲುಸುಂಗು ಅರ್ಜಿ ಹಾಕಿದಳು. ಗುರುವಾರ ಬೆಳಿಗ್ಗೆ ಫೋನಿನಲ್ಲೇ ಸಂದರ್ಶನ, ಎಲ್ಲೂ ಹೋಗಬೇಡಿ, ಫೋನು ಆರಿಸಬೇಡಿ ಎಂದು ಅಲ್ಲಿಂದ ಹೇಳಿದರು.

ಸೊಸೆಯನ್ನು ತಯಾರು ಮಾಡುವ ಹೊಣೆಯನ್ನು ಅತ್ತೆ ತಾನೇ ಹೊತ್ತಳು. ಮುಂತಾಲಿಯವರ ಮಗಳಾದ್ದರಿಂದ ಊರೆಲ್ಲ ಅವಳನ್ನು ಕರೆಯುವುದು ನ್ಯಾಮುಂತಾಲಿ ಎಂದು. ಅಡುಗೆಮನೆಯ ಹಿಂದೆ ನಿಂತು, ತನ್ನ ಫೋನಿನಿಂದ ಕರೆ ಮಾಡಿ, ಗಂಟಲು ದಪ್ಪ ಮಾಡಿಕೊಂಡು ಕೇಳುತ್ತಿದ್ದಳು.

"ಹಲೋ! ನಾನು ಲಿಲಾಂಗ್ವೆ ದೊಡ್ಡ ಸಾಹೇಬ ಮಾತಾಡ್ತಿರೋದು. ನೀನ್ಯಾರಮ್ಮ?"

"ನಾನು... ಲುಸುಂಗು ಗೊಂಡ್ವೆ, ಸಾರ್."

"ಏನೇ ಅದು ದನಿ! ಬಾವಿಯೊಳಗೆ ಬಿದ್ದಿದ್ದೀಯಾ? ಇನ್ನೊಂದ್ಸಲ ಹೇಳು."

"ಲುಸುಂಗು ಗೊಂಡ್ವೆ, ಸಾರ್!"

"ಹಾಂ, ಈಗ ಬಾವಿಯಿಂದ ಮೇಲೆ ಬಂದೆ. ಹೂಂ ಹೂಂ ಅಂತ ಮೇಕೆ ಥರ ಅನ್ಬೇಡ. ನಗ್ತಾ ಮಾತಾಡು, ನಗು ಕಾಣ್ದೇ ಇದ್ರೂ ಕೇಳ್ಸತ್ತೆ."

ಲುಸುಂಗುವಿಗೆ ನಿಜಕ್ಕೂ ನಗು ಬಂತು. ತಿಂಗಳುಗಳ ಮೇಲೆ ಬಂದ ನಗು. ನಗುತ್ತ ನಗುತ್ತಲೇ ಅವಳು ಫೋನನ್ನು ಕಿವಿಯಿಂದ ತೆಗೆದಳು. ಇನ್ನೊಂದು ಕರೆ ಬಂದಿತ್ತು, ಒಂದೇ ಸಲ ಮಿಣುಕಿ ಆರಿತು.

"ಯಾಕೇ ಸುಮ್ಮನಾದೆ?" ನ್ಯಾಮುಂತಾಲಿ ಗೋಡೆ ಬಳಸಿಕೊಂಡು ಬಂದಳು. ಸೊಸೆಯ ಮುಖ ನೋಡಿ, ಕೈಯಿಂದ ಫೋನು ಕಿತ್ತುಕೊಂಡು ಕಣ್ಣು ಕಿರಿದು ಮಾಡಿ ಓದಿದಳು. ಅವಳು ಹೆಚ್ಚು ಓದಿದವಳಲ್ಲ, ಆದರೆ ಮಗನ ಹೆಸರು ಗುರುತು ಹಿಡಿಯದಷ್ಟು ಓದು ಬಾರದವಳೂ ಅಲ್ಲ. ಒಲೆಯ ಬೂದಿಯ ಪಕ್ಕದಲ್ಲೇ ಕೂತಳು.

"ಯಾವಾಗಿಂದ?"

"ಮಣ್ಣು ಮಾಡಿದಾಗಿಂದ, ಅತ್ತೆ."

"ನಂಗ್ಯಾಕೆ ಹೇಳ್ಲಿಲ್ಲ? ನಂಗೇನು ಅವನು ಹಾದಿಯಲ್ಲಿ ಸಿಕ್ಕಿದೋನಾ?"

ನ್ಯಾಮುಂತಾಲಿ ತನ್ನ ಫೋನಿನಿಂದ ಆ ನಂಬರಿಗೆ ಕರೆ ಮಾಡಿದಳು. ಫೋನು ಆರಿಸಲಾಗಿದೆ ಎಂದಿತು ಯಂತ್ರದ ದನಿ. ಮತ್ತೆ ಮಾಡಿದಳು, ಮತ್ತೆ ಅದೇ.

ಮಾರನೆಯ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಮಸಣಕ್ಕೆ ಹೋದರು. ಚರ್ಚಿನ ಮಹಿಳಾ ಸಂಘದ ಮುಂದಾಳು ನ್ಯಾಮುಂತಾಲಿ. ಸತ್ತವರ ಜೊತೆ ಮಾತಾಡುವವರನ್ನು ಕಂಡರೆ ಬೈಯುವವಳು. ಅವತ್ತು ಮಾತ್ರ ಸಮಾಧಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಮಣ್ಣಿನ ಮೇಲೆ ಬಿದ್ದಿದ್ದ ಎಲೆಗಳನ್ನು ಹೆಕ್ಕುತ್ತ, ಮನೆಯೊಳಗೆ ಮಾತಾಡಿದ ಹಾಗೇ ಹೇಳಿದಳು: "ಮಗಾ, ಗುರುವಾರ ಬೆಳಿಗ್ಗೆ ಬರ್ಬೇಡಪ್ಪ. ಅವತ್ತು ನಿನ್ನ ಹೆಂಡ್ತಿಗೆ ಕೆಲ್ಸದ ಮಾತಿದೆ. ಬೇರೆ ಯಾವತ್ತು ಬೇಕಾದ್ರೂ ಬಾ."

ಗುರುವಾರ ಬಂತು. ಹಿತ್ತಲಿನ ಹುತ್ತದ ಪಕ್ಕ, ಪೇರಲ ಮರದ ಕೆಳಗೆ ಮಾತ್ರ ಸಿಗ್ನಲ್ ಕಡಿಯದೆ ನಿಲ್ಲುತ್ತಿತ್ತು. ನ್ಯಾಮುಂತಾಲಿ ಮೇಕೆಗಳನ್ನು ದೂರ ಕಟ್ಟಿ ಬಂದಳು, ಹುಂಜವನ್ನು ಬುಟ್ಟಿಯ ಕೆಳಗೆ ಮುಚ್ಚಿದಳು, ಪಕ್ಕದ ಮನೆಯವರ ರೇಡಿಯೋ ನಿಲ್ಲಿಸಿದಳು, ಒಂದು ಲೋಟ ನೀರು ತಂದಿಟ್ಟಳು. ಲುಸುಂಗು ಚರ್ಚಿಗೆ ಉಡುವ ಬಟ್ಟೆ ಉಟ್ಟು ನಿಂತೇ ಇದ್ದಳು. ಕೂತರೆ ದನಿ ಹೊಟ್ಟೆಯಲ್ಲೇ ಉಳಿಯುತ್ತದೆಂದು ನರ್ಸಮ್ಮ ಹೇಳಿದ್ದರು.

ಫೋನು ಬಡಿದುಕೊಂಡಿತು. ಗುರುತಿಲ್ಲದ ನಂಬರು. ಆ ಕಡೆ ಚಾವುಲಾ ಎಂಬ ಹಿರಿಯ ಹೆಂಗಸು.

ಮೊದಲು ಹೆಸರು, ಊರು, ಹಿಂದಿನ ಕೆಲಸ. ಲುಸುಂಗುವಿನ ದನಿ ಮೊದಲು ಬಾವಿಯೊಳಗೇ ಇತ್ತು, ಆಮೇಲೆ ಮೇಲೆ ಬಂತು. ಕೋಪದಲ್ಲಿ ಕೂಗಾಡುವವರು ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರು. "ಕೂಗಿ ಮುಗಿಸೋಕೆ ಬಿಡ್ತೀನಿ ಅಮ್ಮ. ತೂಕದ ತಕ್ಕಡಿ ಹತ್ರ ನಿಂತಿದ್ದಾಗ ಕಲ್ತಿದ್ದು. ಕೂಗೋರು ಹೆದರಿರ್ತಾರೆ," ಎಂದಳು. ಆ ಕಡೆ ಸಣ್ಣಗೆ ನಕ್ಕ ಸದ್ದು.

"ಸರಿ, ಈಗ ನಾನೊಬ್ಬ ತಾಯಿ ಅಂದ್ಕೊಳ್ಳಿ," ಎಂದರು ಚಾವುಲಾ. ಅವರ ದನಿಯೇ ಬದಲಾಯಿತು. "ಅಕ್ಕಾ, ನನ್ನ ಕೂಸಿನ ಮೈ ಕಾದ ಕಲ್ಲಾಗಿದೆ, ಕಣ್ಣು ಬಿಡ್ತಿಲ್ಲ. ನನ್ನ ಗಂಡ ಕೇಂದ್ರಕ್ಕೆ ಬೇಡ, ನಾಟಿ ಮದ್ದಿನ ಅಜ್ಜನ ಹತ್ರ ಹೋಗೋಣ ಅಂತಾನೆ. ಏನ್ ಮಾಡ್ಲಿ?"

"ನಾನಿದ್ದೀನಿ, ಹೆದರ್ಬೇಡ. ಮೊದ್ಲು ಹೇಳು, ಕೂಸು ಹಾಲು ಕುಡೀತಿದ್ಯಾ?"

ಆಗ ಕಿವಿಯಲ್ಲಿ ಟೊಂಕ್ ಟೊಂಕ್ ಎಂದು ಇನ್ನೊಂದು ಕರೆಯ ಸದ್ದು ಕೇಳಿತು. ಲುಸುಂಗು ಫೋನನ್ನು ಕಣ್ಣಿನ ಮುಂದೆ ತಂದಳು. ಯೋಟಾಮ್.

ಒಂದು ಸಲಕ್ಕೆ ನಿಲ್ಲುತ್ತದೆ ಎಂದುಕೊಂಡಳು. ನಿಲ್ಲಲಿಲ್ಲ. ಅವನು ಎಂದೂ ಅಷ್ಟು ಹೊತ್ತು ಬಾರಿಸಿದವನಲ್ಲ. ಪಕ್ಕದಲ್ಲಿದ್ದ ನ್ಯಾಮುಂತಾಲಿಯೂ ಹೆಸರನ್ನು ನೋಡಿದಳು. ಸಮಾಧಿಯ ಮುಂದೆ ಬರಬೇಡ ಎಂದಿದ್ದವಳು ಈಗ ಸೊಸೆಯ ಮುಂಗೈ ಗಟ್ಟಿಯಾಗಿ ಹಿಡಿದು, ದನಿ ತೆಗೆಯದೆ ತುಟಿಯಲ್ಲೇ ಬೇಡುತ್ತಿದ್ದಳು: ತೆಗೀ, ತೆಗೀ.

"ಅಲ್ಲೇನೋ ಸದ್ದು?" ಎಂದರು ಚಾವುಲಾ.

"ಇನ್ನೊಂದು ಕರೆ ಬರ್ತಿದೆ ಅಮ್ಮ."

"ಮನೆಯವರದ್ದಾ? ತಗೊಳ್ಳಿ, ನಾನು ಕಾಯ್ತೀನಿ."

ಅಷ್ಟು ಸುಲಭವಾಗಿತ್ತು. ಒಂದು ಗುಂಡಿ ಒತ್ತಿದರೆ ಆಗುತ್ತಿತ್ತು. ಲುಸುಂಗುವಿನ ಹೆಬ್ಬೆರಳು ಅದರ ಮೇಲೇ ಇತ್ತು. ಅತ್ತೆಯ ಉಗುರು ಚರ್ಮಕ್ಕೆ ನೆಟ್ಟಿತ್ತು. ಅವಳು ನಿಧಾನವಾಗಿ ಕೈ ಬಿಡಿಸಿಕೊಂಡು, ಮುಖ ಹುತ್ತದ ಕಡೆ ತಿರುಗಿಸಿ ನಿಂತಳು.

"ಬೇಡ ಅಮ್ಮ. ಕೂಸಿನ ಮಾತು ಅರ್ಧಕ್ಕೆ ನಿಂತಿದೆ. ಹೇಳು ತಾಯಿ, ಹಾಲು ಕುಡೀತಿದ್ಯಾ, ಇಲ್ವಾ?"

ಕೂಸು ಕುಡಿಯುತ್ತಿಲ್ಲ ಎಂದಿತು ಆ ಕಡೆಯ ದನಿ. ಹಾಗಾದರೆ ಈಗಲೇ ಕೇಂದ್ರಕ್ಕೆ ಹೊರಡು, ನಿನ್ನ ಗಂಡನಿಗೆ ಫೋನು ಕೊಡು, ನಾನೇ ಮಾತಾಡುತ್ತೇನೆ, ಅಜ್ಜನ ಮದ್ದು ಎಲ್ಲೂ ಓಡಿಹೋಗುವುದಿಲ್ಲ ಎಂದಳು ಲುಸುಂಗು. ಆ ಟೊಂಕ್ ಟೊಂಕ್ ಮಾತಿನ ಅಡಿಯಲ್ಲಿ ಬಹಳ ಹೊತ್ತು ಬಡಿಯುತ್ತಿತ್ತು. ಯಾವ ಮಾತಿನ ನಡುವೆ ನಿಂತಿತೋ ಅವಳಿಗೆ ತಿಳಿಯಲಿಲ್ಲ.

ಸಂದರ್ಶನ ಮುಗಿದಾಗ ನ್ಯಾಮುಂತಾಲಿ ಮರಕ್ಕೆ ಒರಗಿ ನಿಂತಿದ್ದಳು.

"ಇಷ್ಟು ದಿನ ಮಿಸ್ಡ್ ಕಾಲ್ ಕೊಡ್ತಿದ್ದೋನು, ಇವತ್ತು ಮಾತಾಡೋಕೇಂತ ಮಾಡಿದ್ದ ಕಣೇ."

"ಬರ್ಬೇಡ ಅಂದೋರು ನೀವೇ ಅಲ್ವಾ ಅತ್ತೆ?"

"ಬಾಯಿ ಅಂದಿತ್ತು. ಹೊಟ್ಟೆ ಅಂದಿತ್ತಾ?"

ಲುಸುಂಗು ಮೊದಲ ಬಾರಿಗೆ ಆ ನಂಬರಿಗೆ ತಾನೇ ಕರೆ ಮಾಡಿದಳು. ಈ ನಂಬರು ಬಳಕೆಯಲ್ಲಿಲ್ಲ ಎಂದಿತು. ನಿನ್ನೆ ಮೊನ್ನೆ ಆರಿಸಲಾಗಿದೆ ಎನ್ನುತ್ತಿದ್ದದ್ದು ಈಗ ಇಲ್ಲವೇ ಇಲ್ಲ ಎಂದಿತು. ಅತ್ತೆ ಅವತ್ತು ಮುದ್ದೆ ಮುಟ್ಟಲಿಲ್ಲ. ಇಬ್ಬರ ನಡುವೆ ಮಾತು ನಿಂತುಹೋಯಿತು.

ಮುಂದಿನ ವಾರ ಚಾವುಲಾ ಮತ್ತೆ ಫೋನು ಮಾಡಿದರು. "ಸುಳ್ಳು ಕೂಸು, ಸುಳ್ಳು ಜ್ವರ. ಆದ್ರೂ ನಿಮ್ಮ ದನಿ ಕೇಳಿ ನಂಗೆ ನಿಜವಾಗ್ಲೂ ಧೈರ್ಯ ಬಂತಮ್ಮ. ಯಾವಾಗ ಬರ್ತೀರಿ?"

ಸುದ್ದಿ ಕೇಳಿದ ನ್ಯಾಮುಂತಾಲಿ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಶೇಂಗಾ ಹುರಿಯುವ ವಾಸನೆ ಬಂತು. "ಬಸ್ಸಲ್ಲಿ ತಿನ್ನೋಕೆ," ಎಂದಳು, ಸೊಸೆಯ ಮುಖ ನೋಡದೆ. "ಅಲ್ಲಿಯೋರ ಅಡ್ಗೇಲಿ ರುಚಿನೇ ಇಲ್ಲ ಅಂತಾರೆ."

ಲಿಲಾಂಗ್ವೆಯ ಕಚೇರಿಯಲ್ಲಿ ಲುಸುಂಗು ಈಗ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂರುತ್ತಾಳೆ. ಉತ್ತರದ ಜನ ಅವಳನ್ನೇ ಕೇಳಿ ಕರೆ ಮಾಡುವುದುಂಟು. ಕರೆ ತೆಗೆದ ಮೇಲೆ, ಆ ಕಡೆಯವರು ಬಾಯಿ ಬಿಡುವುದಕ್ಕೆ ಮುಂಚಿನ ಆ ಒಂದು ಚೂರು ಮೌನದಲ್ಲಿ ಅವಳು ಗುರುತಿನ ದನಿಯೊಂದಕ್ಕೆ ಕಾಯುತ್ತಾಳೆ. ಆಮೇಲೆ ಯಾರದೋ ಕೆಮ್ಮು, ಯಾರದೋ ಅಳು ಕೇಳುತ್ತದೆ. ಅವಳು ಮಾತು ಶುರು ಮಾಡುತ್ತಾಳೆ.

ಭಾನುವಾರ ಚರ್ಚು ಮುಗಿಸಿ ಅತ್ತೆ ಫೋನು ಮಾಡುತ್ತಾಳೆ. ಊಟವಾಯಿತಾ ಎಂದು ಕೇಳುವುದಕ್ಕೂ ಮುಂಚೆ ಒಂದು ಪ್ರಶ್ನೆ.

"ಬಂತಾ?"

"ಇಲ್ಲ ಅತ್ತೆ. ನಿಮಗೆ?"

"ನಂಗೂ ಇಲ್ಲ."

ಆಮೇಲೆ ನ್ಯಾಮುಂತಾಲಿ ಕಪ್ಪು ಮೇಕೆ ಮರಿ ಹಾಕಿತೆಂದೋ, ಪಕ್ಕದ ಮನೆಯವರ ರೇಡಿಯೋ ಕೆಟ್ಟು ನೆಮ್ಮದಿಯಾಯಿತೆಂದೋ ಹೇಳತೊಡಗುತ್ತಾಳೆ.