ಹಳದಿ ಗೆರೆ

"ಈ ಸಲ ರೆಂಚನ್ನ ಸೊನ್ನೆಗೆ ಇಳಿಸಿ ನೇತುಹಾಕಿದೀಯ ಕಣಮ್ಮ, ಬೆಳಿಗ್ಗೆ ಗಾಡಿಗೆ ಹಾಕ್ಕೊಳ್ಳೋವಾಗ ನೋಡ್ದೆ," ಎಂದು ಆರ್ವಿಲ್ ನೊವೋಟ್ನಿ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಂಡರು. "ಎರಡು ವರ್ಷ ಬಾಯಿ ಬಡ್ಕೊಂಡಿದ್ದಕ್ಕೆ ಕೊನೆಗೂ ಫಲ ಸಿಕ್ತು. ಶಭಾಷ್."

ಬ್ರಿನ್ ನಕ್ಕಳು. ಆರ್ವಿಲ್ ಅವರ ಬಾಯಿಂದ ಶಭಾಷ್ ಬೀಳುವುದು ನೆಬ್ರಾಸ್ಕಾದಲ್ಲಿ ಗಾಳಿ ನಿಂತಷ್ಟೇ ಅಪರೂಪ. ಅವರು ಕಾಫಿ ಮುಗಿಸಿ, ಬಿದ್ದ ಗುರಿಹಲಗೆಗಳನ್ನು ನಿಲ್ಲಿಸಲು, ಗುಂಡು ಹೊಡೆಯುವ ಪಂದ್ಯ ನಡೆಯುತ್ತಿದ್ದ ಹಳೇ ಜಲ್ಲಿಗುಂಡಿಯ ಆಚೆ ಬದಿಯ ಇನ್ನೊಂದು ಅಂಕಣಕ್ಕೆ ಹೊರಟರು. ಹತ್ತು ಹೆಜ್ಜೆ ಹೋಗಿರಲಿಲ್ಲ, ಅವಳ ನಗು ಮುಖದ ಮೇಲೇ ಒಣಗಿತು.

ಟಾರ್ಕ್ ರೆಂಚಿನಲ್ಲಿ ಬಿಗಿತದ ಅಂಕಿ ಇಟ್ಟು ಎಳೆದರೆ ಅಷ್ಟು ಬಿಗಿಯಾದಾಗ ಟಕ್ ಎನ್ನುತ್ತದೆ. ಕೆಲಸ ಮುಗಿದ ಮೇಲೆ ಅದರ ಹಿಡಿಯನ್ನು ಸೊನ್ನೆಗೆ ತಿರುಗಿಸಿಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಕೆಡುತ್ತದೆ. ಬ್ರಿನ್ ಅದನ್ನು ಪ್ರತಿ ಸಲವೂ ಮರೆಯುತ್ತಿದ್ದಳು. ನಿನ್ನೆಯೂ ಇಳಿಸಿದ ನೆನಪಿಲ್ಲ. ಮೊಳೆಯಿಂದ ರೆಂಚು ತೆಗೆದ ನೆನಪೇ ಇಲ್ಲ. ಸೊನ್ನೆಗೆ ಇಳಿಸಿಟ್ಟವರು ಮೊನ್ನೆ ಅದನ್ನು ಬಳಸಿದ ಆರ್ವಿಲ್ ಅವರೇ. ನಿನ್ನೆ ಅದನ್ನು ಯಾರೂ ಮುಟ್ಟಿಲ್ಲ.

ನಿನ್ನೆ ಆರ್ವಿಲ್ ಅವರ ಬಂದೂಕು ರಿಪೇರಿ ಅಂಗಡಿಯಲ್ಲಿ ಅವಳ ಮೇಜಿನ ಮೇಲಿದ್ದದ್ದು ಡೀನಾ ಕ್ರಾಲ್ ಅವರ ಗಿಡ್ಡ ರೈಫಲ್, ಕಾರ್ಬೈನ್. ಡೀನಾ ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದವರು. ಈಗ ಬೆರಳಿನ ಗೆಣ್ಣುಗಳೆಲ್ಲ ಊದಿ, ಪಿಸ್ತೂಲು ಹಿಡಿಯಲಾಗುತ್ತಿರಲಿಲ್ಲ. ಅದೇ ಪಿಸ್ತೂಲಿನ ಗುಂಡು ಹಾರಿಸುವ ಪುಟ್ಟ ಕಾರ್ಬೈನ್ ಕೊಂಡು ತಂದು, "ಇದನ್ನ ಈ ಮುದುಕಿಗೆ ಹೊಂದಿಸಿ ಕೊಡು ಬಂಗಾರ," ಎಂದಿದ್ದರು. ಚಳಿಗಾಲವೆಲ್ಲ ಬ್ರಿನ್ ಒಂದೊಂದೇ ಬಿಡಿಭಾಗ ತರಿಸಿ ಬದಲಾಯಿಸಿದಳು. ಭುಜಕ್ಕೆ ಆನಿಸುವ ಭಾಗವನ್ನು ಗಿಡ್ಡ ಮಾಡಿ ಮೆತ್ತನೆಯ ರಬ್ಬರು ಕೂರಿಸಿದಳು. ಊದಿದ ಬೆರಳಿಗೆ ಸಿಗುವಂತೆ, ಗುಂಡಿನ ಮ್ಯಾಗಜೀನ್ ಬಿಡಿಸುವ ದೊಡ್ಡ ಗುಂಡಿ, ಹಗುರಾದ ಟ್ರಿಗರ್. ಕೊನೆಗೆ ನಳಿಗೆಯ ತುದಿಗೆ ಕಾಂಪ್, ಗುಂಡು ಹಾರಿದಾಗ ಮೂತಿ ಜಿಗಿಯದಂತೆ ಹಿಡಿಯುವ ತೂತುಗಳ ಉಕ್ಕಿನ ತುಂಡು.

ಕಾಂಪನ್ನು ಕೈಯಲ್ಲಿ ತಿರುಗಿಸಿ ಕೂರಿಸಬೇಕು, ರೆಂಚಿನಿಂದ ಬಿಗಿಯಬೇಕು, ಸ್ಪಿರಿಟ್ಟಿನಲ್ಲಿ ಒರೆಸಬೇಕು. ಆಮೇಲೆ ನಳಿಗೆಗೂ ಕಾಂಪಿಗೂ ಅಡ್ಡಲಾಗಿ ಹಳದಿ ಪೇಂಟ್ ಪೆನ್ನಿನಿಂದ ಒಂದು ಗೆರೆ. ಗೆರೆ ಮುರಿದರೆ ಸಡಿಲವಾಗಿದೆ ಎಂದರ್ಥ. ಆರ್ವಿಲ್ ಅಂಗಡಿಯ ಹಳದಿ ಗೆರೆ ಕಂಡರೆ ಮೂರು ಕೌಂಟಿಯಲ್ಲಿ ಯಾರೂ ಇನ್ನೊಮ್ಮೆ ಬಿಗಿದು ನೋಡುತ್ತಿರಲಿಲ್ಲ.

ನಿನ್ನೆ ಅವಳು ಕೈಯಲ್ಲಿ ತಿರುಗಿಸಿ ಕೂರಿಸುವ ಹೊತ್ತಿಗೇ ಡೀನಾ ಮಾಂಸ, ಬೀನ್ಸು ಹಾಕಿ ಬೇಯಿಸಿದ ಬಿಸಿ ಚಿಲ್ಲಿ, ದಾಲ್ಚಿನ್ನಿ ರೋಲು ಹಿಡಿದು ಬಂದಿದ್ದರು. ಕೌಂಟರಿಗೆ ಮೊಣಕೈ ಊರಿ, "ಮಾಡು ಮಾಡು, ನಾನು ಸುಮ್ನೆ ನೋಡ್ತಿರ್ತೀನಿ," ಎಂದರು. ಯಾರಾದರೂ ನೋಡುತ್ತ ನಿಂತರೆ ಬ್ರಿನ್‌ಗೆ ಕೈಕಾಲು ಆಡುವುದಿಲ್ಲ. ಒರೆಸಿದಳು. ಗೆರೆ ಎಳೆದಳು. ಕೊಟ್ಟಳು.

ಬೆಳಗಿನಿಂದ ಡೀನಾ ಎರಡು ಸುತ್ತು ಹೊಡೆದಾಗಿತ್ತು, ಹತ್ತಿರ ಹತ್ತಿರ ಅರವತ್ತು ಗುಂಡು. ಒಂದೊಂದು ಗುಂಡಿಗೂ ಅದು ಇಷ್ಟಿಷ್ಟೇ ಸಡಿಲವಾಗಿರುತ್ತದೆ. ವಾಲಿದ ಕಾಂಪಿನ ಗೋಡೆಗೆ ಗುಂಡು ಬಡಿದರೆ ಏನಾಗುತ್ತದೆಂದು ಬ್ರಿನ್ ಅಂಗಡಿಯಲ್ಲಿ ಒಮ್ಮೆ ನೋಡಿದ್ದಳು. ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿದುಕೊಂಡಿತ್ತು ಉಕ್ಕು. ಡೀನಾ ಎಡಗೈಯನ್ನು ಮುಂದಕ್ಕೆ ಚಾಚಿ, ಕಾಂಪಿಗೆ ನಾಲ್ಕೇ ಬೆರಳು ಹಿಂದೆ ಹಿಡಿಯುತ್ತಾರೆ. ಹಾಗೆ ಹಿಡಿಯಲು ಹೇಳಿಕೊಟ್ಟವಳೂ ಅವಳೇ.

ಅವಳು ಎದ್ದಳು. ಡೀನಾ ಸರದಿಯ ಗೆರೆಯ ಹತ್ತಿರ ನಿಂತಿದ್ದರು, ಕಾರ್ಬೈನ್ ಅವರ ತಳ್ಳುಗಾಡಿಯಲ್ಲಿತ್ತು. ಸರದಿ ಬರುವವರೆಗೆ ಬಂದೂಕನ್ನು ಯಾರೂ ಮುಟ್ಟುವಂತಿಲ್ಲ. ಬಗ್ಗಿ ಒಂದು ಬೆರಳು ಇಟ್ಟು ನೋಡಿದರೂ ಡೀನಾ ಆಟದಿಂದ ಹೊರಗೆ.

"ಮಿಸೆಸ್ ಕ್ರಾಲ್..."

"ಬಂದ್ಯಾ ಬಂಗಾರ? ಇದನ್ನ ಸ್ವಲ್ಪ ಹಿಡ್ಕೋ." ಅರ್ಧ ತಿಂದ ರೋಲು ಅವಳ ಕೈಗೆ ಬಂತು. "ಎರಡು ಸುತ್ತಲ್ಲಿ ನಮ್ಮ ವಾರಿಗೆಯವರಿಗೆಲ್ಲ ನಾನೇ ಮುಂದೆ ಗೊತ್ತಾ? ನಿನ್ನ ಕೈಗುಣ. ಎಲ್ಲರ ಹತ್ರಾನೂ ಹೇಳ್ತಿದೀನಿ."

"ಅಲ್ಲ, ಆ ಕಾಂಪು..."

"ಏನು ಬ್ರಿನ್," ಎಂದು ಟೈಮರ್ ಹಿಡಿದ ಲೈಲ್ ನಡುವೆ ಬಾಯಿ ಹಾಕಿದ. ಸುತ್ತು ನಡೆಸುವವನು ಅವನೇ. "ಗಂಟಲು ಸರ್ವಿಸ್‌ಗೆ ಕೊಟ್ಟಿದ್ಯಾ? ಇನ್ನೂ ವಾಪಸ್ ಬಂದಿಲ್ವಾ?"

ಹಿಂದೆ ನಿಂತ ನಾಲ್ಕೈದು ಜನ ನಕ್ಕರು. ಒಂಬತ್ತನೇ ತರಗತಿಯಲ್ಲಿ ಪುಸ್ತಕ ಹಿಡಿದು ನಿಂತು ಒಂದು ಸಾಲನ್ನೂ ಓದಲಾಗದೆ ಹೋದ ದಿನ ಕೇಳಿದ ನಗುವೇ ಇದು. ಆ ವರ್ಷವೇ ಅವಳು ಶಾಲೆ ಬಿಟ್ಟದ್ದು. ಓದು ಬಾರದವಳಿಗೆ ಕೆಲಸ ಕೊಟ್ಟದ್ದು ಆರ್ವಿಲ್ ಒಬ್ಬರೇ. ಈಗ ಇಷ್ಟು ಜನರೆದುರು ಆ ಹಳದಿ ಗೆರೆ ಸುಳ್ಳು ಎಂದರೆ, ನಾಳೆ ಆ ಅಂಗಡಿಯ ಬಾಗಿಲು ತನಗೆ ತೆರೆದಿರುತ್ತದೆಯೇ?

"ನಡೀರಿ ಡೀನಾ, ನಿಮ್ಮ ಸರದಿ," ಎಂದ ಲೈಲ್. ಎಲ್ಲರೂ ಕಿವಿಗೆ ಮುಚ್ಚಳ ಎಳೆದುಕೊಂಡರು.

ಬ್ರಿನ್ ಆಚೆ ಬದಿಗೆ ನೋಡಿದಳು. ಆರ್ವಿಲ್ ಬಗ್ಗಿ ಹಲಗೆಗೆ ಕಾಗದ ಅಂಟಿಸುತ್ತಿದ್ದರು. ಓಡಿ ಹೋಗಿ ಕಿವಿಯಲ್ಲಿ ಹೇಳಿ ಬರುವಷ್ಟು ಹೊತ್ತಿಲ್ಲ. ಬಿಗಿದಿದ್ದೆನೇನೋ, ಬಿಗಿದದ್ದನ್ನೇ ಮರೆತಿದ್ದೇನೇನೋ ಎಂದು ತನಗೆ ತಾನೇ ಹೇಳಿಕೊಂಡಳು. ಅಂಗೈಯಲ್ಲಿದ್ದ ರೋಲು ಹಿಟ್ಟಿನ ಮುದ್ದೆಯಾಗಿತ್ತು.

"ತುಂಬ್ಕೊಳ್ಳಿ."

ಡೀನಾ ಮ್ಯಾಗಜೀನ್ ತೂರಿಸಿದರು. ಊದಿದ ಬೆರಳು ದೊಡ್ಡ ಗುಂಡಿಯ ಮೇಲೆ ಸಲೀಸಾಗಿ ಓಡಾಡಿತು.

"ರೆಡಿನಾ?"

ಡೀನಾ ತಲೆಯಾಡಿಸಿದರು. ಎಡಗೈ ಮುಂದಕ್ಕೆ ಚಾಚಿಕೊಂಡಿತು.

ಗೇಟಿನ ಹಲಗೆಯ ಮೇಲೆ ಬರೆದಿತ್ತು: ತಪ್ಪು ಕಂಡವರು ಯಾರೇ ಆಗಲಿ, ನಿಲ್ಸಿ ಎಂದು ಕೂಗಬಹುದು. ಅಕ್ಷರ ಕೂಡಿಸಿ ಕೂಡಿಸಿ ಬ್ರಿನ್ ಅದನ್ನು ಎಷ್ಟೋ ಸಲ ಓದಿದ್ದಳು. ಬಾಯಿ ತೆರೆದಳು. ಬರೀ ಉಸಿರು ಬಂತು. ಲೈಲ್ ಟೈಮರನ್ನು ಮೇಲಕ್ಕೆತ್ತಿದ.

"ನಿಲ್ಸಿ!"

ಆ ಕೂಗೂ ಟೈಮರಿನ ಕೀರಲೂ ಒಟ್ಟಿಗೇ ಬಂದವು. ಡೀನಾ ಕಲ್ಲಾಗಿ ನಿಂತರು. ಬೆರಳು ಟ್ರಿಗರಿನಿಂದ ನೆಟ್ಟಗೆ ಹೊರಗೆ ಬಂದಿತ್ತು.

"ಯಾರದು?" ಎಂದು ಲೈಲ್ ತಿರುಗಿದ. ಅವಳನ್ನು ಕಂಡು ಟೈಮರನ್ನು ಕೆಳಗಿಳಿಸಿದ.

"ಕಾಂಪ್ ಬಿಗಿದಿಲ್ಲ," ಎಂದಳು ಬ್ರಿನ್. "ನಾನೇ. ನಾನು ಬಿಗೀಲಿಲ್ಲ. ಬರೀ ಗೆರೆ ಎಳ್ದೆ."

ಯಾರೂ ನಗಲಿಲ್ಲ. ಲೈಲ್ ಗುಂಡು ತೆಗೆಸಿ, ನಳಿಗೆಯ ಹಿಂದಿನ ಗುಂಡಿನ ಗೂಡು ಖಾಲಿಯೆಂದು ಕಣ್ಣಿಟ್ಟು ನೋಡಿ, ಕಾರ್ಬೈನನ್ನು ಮರಳುಮೂಟೆಗಳ ಮುಂದಿನ ಮೇಜಿಗೆ ಒಯ್ಯಿಸಿದ. ಬಂದೂಕು ಮುಟ್ಟಲು ಅನುಮತಿ ಇದ್ದದ್ದು ಅಲ್ಲಿ ಮಾತ್ರ. ಆರ್ವಿಲ್ ಆಚೆ ಬದಿಯಿಂದ ಬಂದರು. ಓಡಿ ಬರಲಿಲ್ಲ. ಎರಡೇ ಬೆರಳಿನಲ್ಲಿ ಕಾಂಪನ್ನು ಹಿಡಿದು ತಿರುಗಿಸಿದರು. ಜಾಮ್ ಬಾಟಲಿಯ ಮುಚ್ಚಳದ ಹಾಗೆ ತಿರುಗಿತು. ಹಳದಿ ಗೆರೆಯ ಒಂದು ತುಂಡು ನಳಿಗೆಯ ಮೇಲೇ ಉಳಿಯಿತು, ಇನ್ನೊಂದು ಕಾಂಪಿನ ಜೊತೆ ತಿರುಗಿ ಕೆಳಗೆ ಹೋಯಿತು.

"ಅಯ್ಯೋ ದೇವರೇ," ಎಂದು ಡೀನಾ ಎಡಗೈಯನ್ನು ಎದೆಗೆ ಒತ್ತಿಕೊಂಡರು.

"ನಿಮ್ಮ ಹುಡುಗಿ ಆರ್ವಿಲ್..." ಎಂದು ಲೈಲ್ ಶುರುಮಾಡಿದ.

"ಅಂಗಡಿ ನಂದು," ಎಂದರು ಆರ್ವಿಲ್. "ಏನಿದ್ರೂ ನನ್ನ ಹತ್ರ ಮಾತಾಡು."

ಪಿಕಪ್ಪಿನಿಂದ ರೆಂಚು ತಂದು ಬ್ರಿನ್‌ಗೆ ಕೊಟ್ಟರು. ಎಷ್ಟಕ್ಕೆ ಬಿಗಿಯಬೇಕೆಂದು ಅವರು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಹಿಡಿ ತಿರುಗಿಸಿ ಅಂಕಿಗೆ ತಂದಳು, ಕಾಂಪಿಗೆ ಕಚ್ಚಿಸಿದಳು, ಎಳೆದಳು. ಅಷ್ಟೂ ಜನ ನೋಡುತ್ತಿದ್ದರು. ಟಕ್ ಎಂದಿತು.

ಸ್ಪಿರಿಟ್ ಬಟ್ಟೆಯಿಂದ ಹಳೇ ಗೆರೆಯ ಎರಡೂ ತುಂಡುಗಳನ್ನು ಒರೆಸಿ ಅವಳು ಕೈ ಚಾಚಿದಳು. ಆರ್ವಿಲ್ ಹಳದಿ ಪೆನ್ನನ್ನು ಒಂದು ಗಳಿಗೆ ಹಿಡಿದು ನೋಡಿದರು. ಆಮೇಲೆ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದರು.

"ಗೆರೆ ಬೇಡ್ವಾ?" ಎಂದು ಡೀನಾ ಕೇಳಿದರು.

"ಟಕ್ ಅಂದಿದ್ದು ಕೇಳಿಸ್ತಲ್ಲ. ಹೋಗಿ ಹೊಡೀರಿ."

ಡೀನಾ ಬ್ರಿನ್‌ಳ ಮುಖ ನೋಡಿದರು. ಕಾರ್ಬೈನ್ ಎತ್ತಿಕೊಂಡು ಸರದಿಯ ಗೆರೆಯ ಕಡೆ ನಡೆದರು. ಜನ ಅವರ ಹಿಂದೆ ಹೋದರು.

ಬ್ರಿನ್ ಮೇಜಿನ ಬಳಿಯೇ ನಿಂತಿದ್ದಳು. ಆಚೆಯಿಂದ ಲೈಲ್‌ನ ದನಿ, ಮತ್ತೆ ಟೈಮರಿನ ಕೀರಲು, ಮೊದಲ ಗುಂಡು, ಎರಡನೆಯದು. ಅವಳು ತಲೆ ಎತ್ತಲಿಲ್ಲ. ರೆಂಚಿನ ಹಿಡಿಯನ್ನು ಒಂದೊಂದೇ ಅಂಕಿ ಹಿಂದಕ್ಕೆ ತಿರುಗಿಸುತ್ತ ಸೊನ್ನೆಗೆ ಇಳಿಸುತ್ತಿದ್ದಳು.