ಮಾವನ ಜೀಪಿನ ಮುಂದೆ

ವಾರವೆಲ್ಲ ಊರವರ ಬಟ್ಟೆಯ ಕೊಳೆ ತೆಗೆಯುವುದು, ಭಾನುವಾರ ಬಂತೆಂದರೆ ಬೆಟ್ಟ ಹತ್ತಿ ತಾನೇ ಕೊಳೆಯಾಗಿ ಇಳಿಯುವುದು. ಎರಡು ವರ್ಷದಿಂದ ಸೊಸೆಯ ಬಾಳು ಹೀಗೇ ನಡೆದಿತ್ತು. ಪೇಟೆಯಲ್ಲಿ ಅವಳದೊಂದು ಡ್ರೈಕ್ಲೀನಿಂಗ್ ಅಂಗಡಿ. ಸೋಮವಾರ ಬೆಳಿಗ್ಗೆ ಅಂಗಡಿಯ ಮೊದಲ ಯಂತ್ರಕ್ಕೆ ಬೀಳುತ್ತಿದ್ದುದು ಮಾವನ ಕೆಸರು ಮೆತ್ತಿದ ಪ್ಯಾಂಟು. ದುಡ್ಡು ಕೊಡುವ ಗಿರಾಕಿಗಳ ಕೋಟುಗಳು ಅದು ಮುಗಿಯುವವರೆಗೆ ಕಾಯಬೇಕು.

ಮಾವನನ್ನು ಊರೆಲ್ಲ ಕ್ಯಾಪ್ಟನ್ ಎನ್ನುತ್ತಿತ್ತು. ಸೈನ್ಯ ಹಾಗಿರಲಿ, ಅವರು ಶಾಲೆಯ ಕವಾಯತಿಗೂ ನಿಂತವರಲ್ಲ. ಪ್ರೆಸ್ಸು ನಡೆಸಿ, ಮದುವೆ ಕಾರ್ಡು ಅಚ್ಚು ಹಾಕಿ ನಿವೃತ್ತರಾದವರು. ಆದರೆ ಊರಿನ ಫೋರ್ ವೀಲ್ ಡ್ರೈವ್ ಕ್ಲಬ್ಬನ್ನು ಹುಟ್ಟುಹಾಕಿದವರು ಅವರೇ. ಬೆಟ್ಟದ ಒಂದೊಂದು ದಾರಿಯನ್ನೂ ಮೊದಲು ಹತ್ತಿದ್ದು ಅವರ ಹಳೆಯ ಜೀಪೇ. ಮಗನಿಗೆ ಎರಡನೇ ತಿರುವಿಗೇ ಹೊಟ್ಟೆ ತೊಳಸುತ್ತದೆ. ಅಪ್ಪನಿಗೆ ನೀನೇ ಸರಿ ಎಂದು ಹೆಂಡತಿಗೆ ಹೇಳಿ ಭಾನುವಾರ ಮಗ್ಗುಲಾಗಿ ಮಲಗಿಬಿಟ್ಟರೆ ಅವನ ಕೆಲಸ ಮುಗಿಯಿತು.

ಅವಳ ಕೆಲಸ ಸನ್ನೆ ತೋರಿಸುವುದು. ಬಂಡೆಗಳ ದಾರಿಯಲ್ಲಿ ಸೀಟಿನಲ್ಲಿ ಕುಳಿತವನಿಗೆ ಚಕ್ರ ಎಲ್ಲಿ ಊರುತ್ತದೆಂಬುದು ಕಾಣುವುದಿಲ್ಲ. ಒಬ್ಬರು ಇಳಿದು, ಜೀಪಿಗೆ ಮುಖ ಮಾಡಿ, ಹಿಂದಕ್ಕೆ ಹೆಜ್ಜೆ ಇಡುತ್ತ, ಎಡಕ್ಕೆ ಬಲಕ್ಕೆ ನಿಲ್ಲು ಬಾ ಎಂದು ಕೈಯಲ್ಲಿ ತೋರಿಸಬೇಕು. ಓಡಿಸುವವನು ಆ ಒಬ್ಬರ ಕೈಯನ್ನೇ ನೋಡಬೇಕು, ಉಳಿದವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕು. ಇದು ಕ್ಲಬ್ಬಿನ ಮೊದಲ ನಿಯಮ. ಅದರ ಎರಡನೆಯ ಭಾಗ ಮಾತ್ರ ಯಾರ ಕಿವಿಗೂ ಬಿದ್ದಂತಿರಲಿಲ್ಲ. ಅವಳು ಎಡಗೈ ಎತ್ತುವ ಮೊದಲೇ ಹಲ್ಲಿನ ಡಾಕ್ಟರು ಬಲಕ್ಕೆ ಎಂದು ಕೂಗುವರು, ಬ್ಯಾಂಕ್ ಮ್ಯಾನೇಜರು ಹಿಂದಕ್ಕೆ ಎನ್ನುವರು. ಮ್ಯಾನೇಜರ ಗಾಡಿಯ ಮೂತಿಗೆ ಹೊಸ ವಿಂಚು ಕೂತಿತ್ತು. ಯಾರಾದರೂ ಹೂತುಕೊಂಡರೆ ಉಕ್ಕಿನ ಹಗ್ಗ ಬಿಟ್ಟು ಎಳೆಯಬಹುದಲ್ಲ ಎಂದು ಆ ಮನುಷ್ಯ ಕಾದು ಕೂತಿದ್ದರು.

ಇವರನ್ನೆಲ್ಲ ಹೇಗೋ ಸಹಿಸಬಹುದಿತ್ತು. ಸಹಿಸಲಾಗದಿದ್ದುದು ಮಾವನನ್ನು. ಈಚೆಗೆ ಕೆಲವು ತಿಂಗಳಿಂದ ಅವರಿಗೆ ಅವಳ ಕೈಯ ಮೇಲೆ ನಂಬಿಕೆಯೇ ಹೊರಟುಹೋಗಿತ್ತು. ಎಡಕ್ಕೆ ತೋರಿಸಿದರೆ ನೇರ ಬರುವರು, ನಿಲ್ಲಿ ಎಂದರೆ ಇನ್ನೊಂದು ಮೊಳ ಬರುವರು. ಜೀಪಿನ ಒಂದು ಮಗ್ಗುಲು ಉಜ್ಜಿ ಉಜ್ಜಿ ಬಣ್ಣ ಕಿತ್ತುಹೋಗಿತ್ತು. ಕೊನೆಗೆ ಬೈಗುಳ ಅವಳಿಗೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಒಂದು ದಿನ ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಕೈಗವಸು ತಂದುಕೊಟ್ಟರು. ಇನ್ನೊಂದು ದಿನ, ಬರೀ ಕೈ ತೋರಿಸಿದರೆ ಸಾಲದು, ಬಾಯಲ್ಲೂ ಹೇಳು ಎಂದರು. ಅಂದಿನಿಂದ ಪ್ರತಿ ಭಾನುವಾರ ಅವಳ ಗಂಟಲು ಕಟ್ಟುತ್ತಿತ್ತು.

ಅದಕ್ಕಿಂತ ಉರಿಸುತ್ತಿದ್ದುದು ಅವರ ನೋಟ. ಅವಳೊಡನೆ ಮಾತಾಡುವಾಗ ಮಾವ ಅವಳ ಮುಖ ನೋಡುವುದನ್ನೇ ಬಿಟ್ಟಿದ್ದರು. ಕಿವಿಯ ಪಕ್ಕದಲ್ಲಿ ಎಲ್ಲೋ ನೋಡುತ್ತ, ಗೋಡೆಗೆ ಹೇಳಿದ ಹಾಗೆ ಹೇಳುವರು. ಊರಿಂದ ಬೆಟ್ಟದ ಬುಡದವರೆಗೆ ಜೀಪು ಓಡಿಸುವ ಕೆಲಸವನ್ನೂ ಅವಳ ತಲೆಗೇ ಕಟ್ಟಿದ್ದರು. ಸಪಾಟು ರಸ್ತೆಯಲ್ಲಿ ಯಾರು ಬೇಕಾದರೂ ಓಡಿಸುತ್ತಾರೆ, ನನ್ನ ಕೆಲಸ ಬಂಡೆಯ ಮೇಲೆ ಎಂಬ ದೌಲತ್ತು ಬೇರೆ. ಸಂಬಳವಿಲ್ಲದ ಡ್ರೈವರು, ಮರ್ಯಾದೆಯಿಲ್ಲದ ಸನ್ನೆಗಾತಿ ಎಂದು ಅವಳು ಗಂಡನಿಗೆ ಹೇಳಿದರೆ ಅವನು ಮಗ್ಗುಲು ಬದಲಿಸಿದ.

ಆ ಭಾನುವಾರ ಗೋಡೆದಾರಿಯ ಸರದಿ. ಒಂದು ಕಡೆ ನೆಟ್ಟಗೆ ನಿಂತ ಬೆಟ್ಟ, ಇನ್ನೊಂದು ಕಡೆ ಏನೂ ಇಲ್ಲ, ನಡುವೆ ಒಂದೇ ಗಾಡಿ ಹಿಡಿಯುವಷ್ಟು ದಾರಿ. ವರ್ಷಕ್ಕೊಮ್ಮೆ ಕ್ಲಬ್ಬಿಗೆ ಹೊಸದಾಗಿ ಸೇರಿದವರನ್ನು ಅಲ್ಲಿ ದಾಟಿಸುವುದು ಕ್ಯಾಪ್ಟನ್ನರ ಹೆಮ್ಮೆ. ಅವರ ಜೀಪು ಮುಂದೆ, ಅದರ ಚಕ್ರ ಎಲ್ಲಿ ಊರಿತೋ ಅಲ್ಲೇ ಹಿಂದಿನವರ ಚಕ್ರ. ಈ ಸಲ ಹೊಸಬರು ಮಕ್ಕಳುಮರಿ ಸಮೇತ ಬಂದಿದ್ದರು.

ಹೊರಡುವುದೇ ತಡವಾಯಿತು. ಬಂಡೆಯ ಮೇಲೆ ಹಿಡಿತ ಸಿಗಲು ಟೈರಿನ ಗಾಳಿ ಎಷ್ಟು ಇಳಿಸಬೇಕೆಂಬ ಬಗ್ಗೆ ಡಾಕ್ಟರಿಗೂ ಮ್ಯಾನೇಜರಿಗೂ ಎಂದಿನ ಯುದ್ಧ ನಡೆಯಿತು. ಇಬ್ಬರೂ ಗಾಳಿ ಇಳಿಸಿದರು, ತುಂಬಿಸಿದರು, ಮತ್ತೆ ಇಳಿಸಿದರು. ಅಂತೂ ಗಾಡಿಗಳು ಹೊರಟು, ಮೊದಲ ಬಂಡೆಮೆಟ್ಟಿಲಿನ ಹತ್ತಿರ ಬಂದವು. ಅವಳು ಇಳಿದು ಮುಂದೆ ನಿಂತಳು. ಗಂಟಲು ಹಿಂದಿನ ವಾರದಿಂದಲೇ ಕೆರೆಯುತ್ತಿತ್ತು. ಕೂಗುವ ಗೋಜಿಗೆ ಹೋಗದೆ ಎರಡೂ ಕೈಯನ್ನು ಎಡಕ್ಕೆ ಚಾಚಿದಳು. ಮಾವ ಸೀದಾ ಬಂದರು. ಅವಳು ನಿಲ್ಲಿ ಎಂದು ಅಂಗೈ ಹಿಡಿದಳು. ಜೀಪು ಬಂಡೆಗೆ ಕರ್ರೆಂದು ಉಜ್ಜಿ, ಅವಳು ಪಕ್ಕಕ್ಕೆ ಹಾರಿಕೊಂಡ ಮೇಲೆ ನಿಂತಿತು.

ಮಾವ ಕಿಟಕಿಯಿಂದ ತಲೆ ಹಾಕಿದರು. "ಏನಮ್ಮ ಅದು, ಕೈ ತೋರ್ಸು ಅಂದ್ರೆ ನೊಣ ಓಡಿಸ್ತೀಯಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಇನ್ನೊಂದು ಸಲ ಎಂದು ಜೀಪನ್ನು ಹಿಂದಕ್ಕೆ ತೆಗೆದುಕೊಂಡರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಅವಳ ತಲೆ ಕೆಟ್ಟುಹೋಯಿತು. ನೋಡದವರಿಗೆ ತೋರಿಸುವುದಾದರೂ ಯಾಕೆ? ಎರಡೂ ಕೈಯನ್ನು ಜಾಕೆಟ್ಟಿನ ಜೇಬಿಗೆ ತುರುಕಿಕೊಂಡು ನಿಂತಳು. ಎಡ, ಎಡ, ಸಾಕು, ನೇರ, ಬನ್ನಿ ಎಂದು ಒಡೆದ ಗಂಟಲಲ್ಲಿ ಕೂಗಿದಳಷ್ಟೆ. ಜೀಪು ಹೇಳಿದ ಹಾಗೆ ತಿರುಗಿತು, ಹೇಳಿದಲ್ಲಿ ನಿಂತಿತು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮೆಟ್ಟಿಲು ಹತ್ತಿತು. ಡಾಕ್ಟರು ತಮ್ಮದೇ ಚಕ್ರದ ವಿಡಿಯೋ ತೆಗೆಯುವುದರಲ್ಲಿದ್ದರು. ಮ್ಯಾನೇಜರು ವಿಂಚು ಬೇಕಾಗಲಿಲ್ಲವೆಂದು ಮುಖ ಸಣ್ಣಗೆ ಮಾಡಿಕೊಂಡರು.

ಮಾವ ಮೇಲೆ ಬಂದು ಅವಳ ಪಕ್ಕ ನಿಲ್ಲಿಸಿದರು. ಮುಖದಲ್ಲಿ ತೃಪ್ತಿ ಇತ್ತು. "ನೋಡು, ಈ ಸಲ ಕೈ ಎಷ್ಟು ಚೆನ್ನಾಗಿ ತೋರಿಸ್ದೆ. ಹಿಂಗೆ ತೋರಿಸ್ಬೇಕು" ಎಂದರು.

ಅವಳ ಕೈ ಇನ್ನೂ ಜೇಬಿನಲ್ಲೇ ಇತ್ತು.

ಆಮೇಲಿನ ದಾರಿಯಲ್ಲಿ ಅವಳು ಬೈಗುಳಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡಳು. ಕೈಗವಸು, ಕೂಗು ಎಂದದ್ದು, ಸಪಾಟು ರಸ್ತೆ, ಕಿವಿಯ ಪಕ್ಕದ ಆ ನೋಟ. ದೌಲತ್ತು ಎಂದು ಇಷ್ಟು ದಿನ ತಾನು ಹಲ್ಲು ಕಡಿದದ್ದೆಲ್ಲ ಬೇರೇನೋ ಆಗಿತ್ತು. ಅಯ್ಯೋ ಅನ್ನಿಸಿತು. ಆ ಅಯ್ಯೋದ ಬೆನ್ನಿಗೇ ಮೊದಲಿಗಿಂತ ಜಾಸ್ತಿ ಸಿಟ್ಟು ಬಂತು. ಇಷ್ಟು ತಿಂಗಳು ಈ ಮನುಷ್ಯ ತನ್ನನ್ನು ಜೀಪಿನ ಮುಂದೆ ನಿಲ್ಲಿಸಿಕೊಂಡು ಓಡಿಸಿದ್ದಾರೆ.

ಗೋಡೆದಾರಿಯ ಈಚೆ ಬಯಲಿನಲ್ಲಿ ಎಲ್ಲರೂ ಬುತ್ತಿ ಬಿಚ್ಚಿದರು. ಅವಳು ಚಹಾ ಹಿಡಿದು ಮಾವ ಒಬ್ಬರೇ ಕುಳಿತಿದ್ದ ಕಡೆಗೆ ಹೋದಳು.

"ಮಾವ, ಆ ಮೆಟ್ಟಿಲು ಹತ್ತಿಸುವಾಗ ನನ್ನ ಕೈ ಎಲ್ಲಿತ್ತು?"

"ಎಲ್ಲಿರುತ್ತೆ, ನೀನು ಎತ್ತಿದ್ದ ಕಡೆ ಇತ್ತು."

"ಜೇಬಿನಲ್ಲಿತ್ತು."

ಮಾವ ಮೊದಲು ಧೂಳು ಎಂದರು, ಆಮೇಲೆ ಬಿಸಿಲು ಎಂದರು. ಅವಳು ಅಲ್ಲಾಡದೆ ನಿಂತಿದ್ದುದರಿಂದ ಕೊನೆಗೆ ದನಿ ತಗ್ಗಿಸಿದರು. "ನಡುವೆ ಹೊಗೆ ಕಟ್ಟಿದ ಹಾಗಿದೆ. ಸುತ್ತಲೂ ಬೆಟ್ಟ ಕಾಣುತ್ತೆ, ಮರ ಕಾಣುತ್ತೆ. ಯಾರನ್ನ ನೋಡ್ಬೇಕು ಅಂತ ಕಣ್ಣಿಡ್ತೀನೋ ಅವರೇ ಇರಲ್ಲ."

ಕಣ್ಣಿನ ಡಾಕ್ಟರಿಗೆ ತೋರಿಸಿ ಆಗಿತ್ತಂತೆ, ಯಾರಿಗೂ ಹೇಳದೆ, ಒಬ್ಬರೇ ಹೋಗಿ. ಆ ಡಾಕ್ಟರು ಇನ್ನು ಜೀಪು ಮುಟ್ಟಬೇಡಿ ಎಂದರಂತೆ. ಅವರಿಗೇನು ಗೊತ್ತು ಬೆಟ್ಟ, ಎಂದು ಮಾವ ಚಹಾ ಊದಿದರು. ಇವತ್ತು ಹಲ್ಲಿನ ಡಾಕ್ಟರು ಮುಂದೆ ಹೋಗಲಿ ಎಂದು ಅವಳು ಮೊದಲು ಮೆತ್ತಗೆ ಹೇಳಿದಳು, ಆಮೇಲೆ ಗಟ್ಟಿಯಾಗಿ ಹೇಳಿದಳು, ಹಿಂದೆ ಮಕ್ಕಳಿದ್ದಾರೆ ಎಂದಳು. ಮಾವನಿಗೋ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ದಾರಿ ನನಗೆ ಬಾಯಿಪಾಠ, ಇದೊಂದು ದಾಟಿಸಿಬಿಡುತ್ತೇನೆ, ಜನರ ಮುಂದೆ ಮಾತ್ರ ಹೇಳಬೇಡ ಎಂದು ಪಟ್ಟು ಹಿಡಿದರು. ಆಮೇಲೆ ಅವಳ ಕಿವಿಯ ಪಕ್ಕ ನೋಡುತ್ತ ಹೇಳಿದರು:

"ನಿನ್ನ ದನಿ ಒಂದಿದ್ರೆ ಸಾಕಮ್ಮ ನಂಗೆ."

ಅದುವರೆಗೂ ಆ ಮನುಷ್ಯ ಅವಳನ್ನು ಹೊಗಳಿದ್ದು ಅವತ್ತೊಂದೇ ದಿನ, ಅದೂ ಎರಡು ಸಲ.

ಗಂಡನಿಗೆ ಫೋನು ಮಾಡಿ ವಿಷಯ ಹೇಳಿದಳು. ಇವತ್ತೊಂದು ದಿನ ಹೇಗಾದರೂ ಸುಧಾರಿಸು, ಮನೆಗೆ ಬಂದ ಮೇಲೆ ಕೂತು ಮಾತಾಡೋಣ ಎಂದ. ದನಿಯಲ್ಲಿ ಹಾಸಿಗೆಯ ಬಿಸಿ ಇನ್ನೂ ಆರಿರಲಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಈ ಸಲ ಮಾವನ ಬದಲು ನೀವು ಎಂದು ಶುರುಮಾಡಿದಳು. ಆತ ಬಾಯಲ್ಲಿದ್ದ ಬ್ರೆಡ್ಡು ನುಂಗಿ ನಕ್ಕುಬಿಟ್ಟರು. "ಕ್ಯಾಪ್ಟನ್‌ಗೇನಮ್ಮ, ಕಣ್ಣು ಮುಚ್ಕೊಂಡೇ ಈ ದಾರಿ ಓಡಿಸ್ತಾರೆ" ಎಂದು ಅವಳ ಮುಂದಿನ ಮಾತಿಗೆ ಕಾಯದೆ ಟೈರು ನೋಡಲು ಹೋದರು. ಹೇಳಬೇಕಾದವರಿಗೆಲ್ಲ ಹೇಳಿ ಆಗಿತ್ತು. ಕೇಳಿಸಿಕೊಳ್ಳುವ ಕಿವಿ ಒಂದೂ ಸಿಕ್ಕಲಿಲ್ಲ.

ಗಾಡಿಗಳು ಸಾಲಾಗಿ ನಿಂತವು. ಮಾವನ ಜೀಪಿನ ಹಿಂದೆ ಹೊಸಬರು, ಅವರ ಹಿಂದೆ ಡಾಕ್ಟರು, ಮ್ಯಾನೇಜರು. ಎಂಜಿನ್ನುಗಳೆಲ್ಲ ಗುರುಗುಟ್ಟುತ್ತಿದ್ದವು. ಅವಳು ಗೋಡೆದಾರಿಯ ಬಾಯಲ್ಲಿ, ಎಲ್ಲರಿಗೂ ಕಾಣುವ ಎತ್ತರದ ಕಲ್ಲಿನ ಮೇಲೆ ನಿಂತಳು. ಹೊಸಬರ ಮೊದಲ ಗಾಡಿಯ ಕಿಟಕಿಯಿಂದ ಒಂದು ಮಗು ಬಿಸ್ಕತ್ತು ತಿನ್ನುತ್ತ ಅವಳನ್ನೇ ನೋಡುತ್ತಿತ್ತು. ಇಷ್ಟು ತಿಂಗಳಲ್ಲಿ ಕೂಗಬೇಡ ಎಂದು ಯಾರಾದರೂ ಹೇಳಿದ್ದರೆ ಅವರಿಗೆ ಕೈ ಮುಗಿಯುತ್ತಿದ್ದಳು. ಈಗ ಕೂಗದೆ ಇರುವುದೇ ಕಷ್ಟವಾಯಿತು. ದನಿ ತಾನಾಗಿಯೇ ಗಂಟಲಿಗೆ ಬಂದು ನಿಂತಿತ್ತು.

ಅವಳು ತುಟಿ ಬಿಗಿಹಿಡಿದು ಎರಡೂ ಕೈಯನ್ನು ತಲೆಯ ಮೇಲೆ ಎತ್ತಿ ಕತ್ತರಿಯ ಹಾಗೆ ಒಂದರ ಮೇಲೊಂದು ಇಟ್ಟಳು.

ಆ ಸನ್ನೆಗೆ ಒಂದೇ ಅರ್ಥ. ಎಲ್ಲರೂ ಎಂಜಿನ್ ಆರಿಸಬೇಕು, ಯಾಕೆಂದು ಕೇಳಬಾರದು. ಹೊಸಬರಿಗೆ ಮೊದಲ ದಿನವೇ ಕಲಿಸುವ ಸನ್ನೆ ಅದು. ಹೊಸಬರ ಗಾಡಿಗಳು ಒಂದೊಂದಾಗಿ ಆರಿದವು. ಡಾಕ್ಟರದು ಆರಿತು. ಮ್ಯಾನೇಜರದೂ ಆರಿತು. ಮಾವನ ಜೀಪು ಒಂದೇ ಗುರುಗುಟ್ಟುತ್ತ, ಅವಳ ಕಡೆಗೆ ನಿಧಾನವಾಗಿ ಬರುತ್ತಿತ್ತು.

ಜನ ಗಾಡಿಗಳಿಂದ ಇಳಿದರು. ಯಾರೂ ಮಾತಾಡಲಿಲ್ಲ. ಕ್ಲಬ್ಬಿನ ಮೊದಲ ನಿಯಮದ ಎರಡನೆಯ ಭಾಗ ಅವತ್ತು ಮೊದಲ ಸಲ ಪಾಲನೆಯಾಯಿತು.

"ಏನಮ್ಮಾ, ಯಾವ ಕಡೆ?" ಎಂದರು ಮಾವ ಕಿಟಕಿಯಿಂದ. ಅವಳು ಕೈ ಇಳಿಸಲಿಲ್ಲ, ಬಾಯಿ ಬಿಡಲಿಲ್ಲ. ಕಣ್ಣಿಂದ ನೀರು ಇಳಿದು ಗಲ್ಲದವರೆಗೆ ಬಂತು. ಜೀಪು ಇನ್ನೊಂದು ಮಾರು ಬಂತು. ಆಗ ಮಾವ ತಲೆ ಓರೆ ಮಾಡಿದರು. ಹಿಂದೆ ಒಂದು ಎಂಜಿನ್ನಿನ ಸದ್ದೂ ಇಲ್ಲದ್ದು ಅವರ ಕಿವಿಗೆ ಬಿದ್ದಿತ್ತು. ಬೆಟ್ಟದಲ್ಲಿ ಅಷ್ಟು ಗಾಡಿ ಒಟ್ಟಿಗೆ ಯಾಕೆ ಸುಮ್ಮನಾಗುತ್ತವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಅವರೂ ಎಂಜಿನ್ ಆರಿಸಿದರು.

ಇಳಿದು, ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ಮುಂದೆ ಬಂದರು. ಅವಳೂ ಕಲ್ಲಿನಿಂದ ಇಳಿದು ಹತ್ತಿರ ಹೋದಳು. ಈಗ ಬೈಯುತ್ತಾರೆ, ಬೈದರೆ ತಾನೂ ಬಿಡುವುದಿಲ್ಲ, ಎರಡು ವರ್ಷದ್ದನ್ನೆಲ್ಲ ಒಟ್ಟಿಗೆ ತೀರಿಸುತ್ತೇನೆ ಎಂದುಕೊಂಡಿದ್ದಳು.

"ನೀನು ಕೂಗಿದ್ರೆ ದಾಟಿಸ್ತಿದ್ದೆ" ಎಂದರು ಮಾವ, ಅವಳಿಗೆ ಮಾತ್ರ ಕೇಳುವಂತೆ.

"ಗೊತ್ತು ಮಾವ. ಅದಕ್ಕೇ ಕೂಗ್ಲಿಲ್ಲ."

ಮಾವ ತಲೆಯಾಡಿಸಿದರೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಜೀಪಿನ ಕೀಲಿ ಚಾಚಿದರು, ಅವಳ ಕಡೆಗಲ್ಲ, ಅವಳಿಂದ ಒಂದು ಮೊಳ ಆಚೆ, ಯಾರೂ ಇಲ್ಲದ ಕಡೆಗೆ. ಹಿಂದೆ ಕ್ಲಬ್ಬಿನವರೆಲ್ಲ ನೋಡುತ್ತ ನಿಂತಿದ್ದರು. ಅವಳು ಸದ್ದಾಗದಂತೆ ಆ ಒಂದು ಮೊಳ ಸರಿದು, ಮೊದಲಿಂದ ಅಲ್ಲೇ ನಿಂತಿದ್ದವಳ ಹಾಗೆ ಕೀಲಿ ತೆಗೆದುಕೊಂಡಳು.